ಗುಜರಿಯಿಂದ ಗುಡ್ಡದ ತುದಿಗೆ

ಇಲಾಖೆಗಳು ಬಳಸಿ ಬಿಟ್ಟ ವೈರ್‌ಲೆಸ್ ಸೆಟ್‌ಗಳಿಂದ ಹ್ಯಾಮ್ ರೇಡಿಯೊ ಹವ್ಯಾಸಿಗಳು ರಿಪೀಟರ್ ಕಟ್ಟುತ್ತಾರೆ. ಮೊಬೈಲ್ ಟವರ್ ಕೈಕೊಟ್ಟ ದಿನ ನೆರವಿಗೆ ಬರುವ ಈ ಪೆಟ್ಟಿಗೆಯನ್ನು ಕಟ್ಟುವುದು ಹೇಗೆ, ಕೆಟ್ಟಾಗ ಸರಿಮಾಡುವುದು ಹೇಗೆ?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಊರುಗಳ ಮೇಲೆ ಗುಡ್ಡ ಕುಸಿದು ಬಂತು. ಸೇತುವೆ ಕೊಚ್ಚಿಹೋಯಿತು, ಕರೆಂಟು ಹೋಯಿತು, ಮೊಬೈಲ್ ಸಂಪರ್ಕ ಹದಗೆಟ್ಟಿತು. ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ವೈರ್‌ಲೆಸ್ ಬಳಸುವ ಹ್ಯಾಮ್ ರೇಡಿಯೊ ಹವ್ಯಾಸಿಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ತಮ್ಮ ಕೇಂದ್ರ ತೆರೆದರು. ದುರಂತದ ಜಾಗದಲ್ಲಿದ್ದವರ ಮಾತು ಗುಡ್ಡಗಳನ್ನು ದಾಟಿ ಅಲ್ಲಿಗೆ ತಲುಪುವುದಕ್ಕೆ ಅಂಬಲವಯಲ್‌ನ ಎತ್ತರದಲ್ಲಿದ್ದ ಒಂದು ರಿಪೀಟರ್ ಆಸರೆಯಾಯಿತು.

ವಿಪತ್ತಿನ ವರದಿಗಳಲ್ಲಿ ಹ್ಯಾಮ್‌ಗಳ ಸೇವೆಯ ಪ್ರಸ್ತಾಪ ಬರುತ್ತದೆ, ಬರಬೇಕಾದ್ದೇ. ಆದರೆ ಬೆಟ್ಟದ ಮೇಲೆ, ಬೀಗ ಹಾಕಿದ ಕೋಣೆಯಲ್ಲಿ, ವರ್ಷವಿಡೀ ಕಿವಿ ತೆರೆದುಕೊಂಡು ಕೂತಿರುವ ಯಂತ್ರದ ಬಗ್ಗೆ ಬರೆದವರು ಕಡಿಮೆ. ಅದನ್ನು ಕಟ್ಟುವವರು, ಕೆಟ್ಟಾಗ ಬೆಟ್ಟ ಹತ್ತಿ ರಿಪೇರಿ ಮಾಡುವವರು ಸಂಬಳದ ಆಸೆಯಿಲ್ಲದ ಹವ್ಯಾಸಿಗಳು. ಜಗತ್ತಿನ ಎಷ್ಟೋ ಬೆಟ್ಟಗಳ ಮೇಲೆ ಅವರು ಅದನ್ನು ಕಟ್ಟಿದ್ದು ಪೊಲೀಸರು, ಅಗ್ನಿಶಾಮಕ ದಳದವರು, ಟ್ಯಾಕ್ಸಿ ಕಂಪನಿಗಳು ಬೇಡವೆಂದು ತೆಗೆದುಹಾಕಿದ ಸೆಟ್‌ಗಳಿಂದ.

ರಿಪೀಟರ್ ಏನು ಮಾಡುತ್ತದೆ?

ವಾಕಿಟಾಕಿಗಳು ಬಳಸುವ ವಿಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ನಡುವೆ ಗುಡ್ಡ ಬಂದರೆ ಮಾತು ಅಲ್ಲೇ ನಿಲ್ಲುತ್ತದೆ. ಕೈಯಲ್ಲಿ ಹಿಡಿಯುವ 5 ವ್ಯಾಟ್ ಸೆಟ್ ಕಣಿವೆಯೊಳಗಿನಿಂದ ಕೆಲವೇ ಕಿಲೋಮೀಟರ್ ದೂರ ಕೇಳಿಸೀತು. ಅದೇ ಸೆಟ್ಟಿನ ಸಂಕೇತವನ್ನು ಬೆಟ್ಟದ ತುದಿಯಲ್ಲಿ ಹಿಡಿದು, ಅದೇ ಕ್ಷಣದಲ್ಲಿ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಹೆಚ್ಚು ಶಕ್ತಿಯಿಂದ ಮರಳಿ ಬಿತ್ತರಿಸಿದರೆ ಹತ್ತಾರು ಕಿಲೋಮೀಟರ್ ಆಚೆಯ ಕಣಿವೆಗೂ ಮಾತು ಇಳಿಯುತ್ತದೆ. ರಿಪೀಟರ್ ಮಾಡುವ ಕೆಲಸ ಇಷ್ಟೇ.

ಭಾರತದಲ್ಲಿ ಹ್ಯಾಮ್‌ಗಳಿಗೆ ಮೀಸಲಾದ ಎರಡು ಮೀಟರ್ ಪಟ್ಟಿ 144ರಿಂದ 146 ಮೆಗಾಹರ್ಟ್ಜ್‌ವರೆಗೆ ಇದೆ. ರಿಪೀಟರ್ 145.600ರಲ್ಲಿ ಮಾತಾಡುತ್ತಿದ್ದರೆ 145.000ರಲ್ಲಿ ಕೇಳುತ್ತಿರುತ್ತದೆ. ನಡುವಿನ ಅಂತರ 600 ಕಿಲೋಹರ್ಟ್ಜ್. ಈ ಅಂತರ ಬಹಳ ಕಿರಿದು. ರಿಪೀಟರ್ ಕಟ್ಟುವವರ ಕಷ್ಟವೆಲ್ಲ ಶುರುವಾಗುವುದು ಇಲ್ಲಿಂದಲೇ.

ನಿಯಮ ಬದಲಾದಾಗ ಬಂದ ಸಂಪತ್ತು

ರಿಪೀಟರ್ ಕಟ್ಟುವವರ ಕೈಗೆ ಹಳೆಯ ಸೆಟ್‌ಗಳು ಬಂದ ಕಥೆ ಅಮೆರಿಕದ್ದು. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಎಫ್‌ಎಂ ತಂತ್ರಕ್ಕೆ ಪೇಟೆಂಟ್ ಪಡೆದ. 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರು ಎಫ್‌ಎಂ ವೈರ್‌ಲೆಸ್ ಜಾಲ ಹಾಕಿಕೊಂಡರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಟ್ಯಾಕ್ಸಿ, ಆಂಬುಲೆನ್ಸ್, ಲಾರಿ ಕಂಪನಿಗಳೂ ಅದೇ ದಾರಿ ಹಿಡಿದವು. ಬಳಕೆದಾರರು ಹೆಚ್ಚಿದಂತೆ ಗಾಳಿಯಲ್ಲಿ ಜಾಗ ಸಾಲದಾಯಿತು. ಅಲ್ಲಿನ ಸಂವಹನ ಆಯೋಗವು 1960ರ ದಶಕದ ಹೊತ್ತಿಗೆ ಪ್ರತಿ ಚಾನೆಲ್ಲಿನ ಅಗಲವನ್ನು ಕಡಿತಗೊಳಿಸಿತು. ಧ್ವನಿಗೆ ತಕ್ಕಂತೆ ಫ್ರೀಕ್ವೆನ್ಸಿ 15 ಕಿಲೋಹರ್ಟ್ಜ್‌ವರೆಗೆ ಓಲಾಡುತ್ತಿದ್ದ ಸೆಟ್‌ಗಳ ಜಾಗಕ್ಕೆ 5 ಕಿಲೋಹರ್ಟ್ಜ್ ಮೀರದ ಸೆಟ್‌ಗಳು ಬರಬೇಕಾಯಿತು. ಚೆನ್ನಾಗಿ ನಡೆಯುತ್ತಿದ್ದ ಸಾವಿರಾರು ಸೆಟ್‌ಗಳು ಗೋದಾಮಿನ ಮೂಲೆ ಸೇರಿದವು.

ಹ್ಯಾಮ್‌ಗಳು ಅವನ್ನು ಅಗ್ಗದ ದರಕ್ಕೆ ಕೊಂಡರು. ಅಲ್ಲಿ ಅವರ ಪಟ್ಟಿ 148 ಮೆಗಾಹರ್ಟ್ಜ್‌ಗೆ ಮುಗಿಯುತ್ತದೆ. ಪೊಲೀಸ್ ಮತ್ತು ವಾಣಿಜ್ಯ ಪಟ್ಟಿ 150ರ ಆಚೆಗೇ ಶುರುವಾಗುತ್ತದೆ. ಫ್ರೀಕ್ವೆನ್ಸಿ ನಿರ್ಧರಿಸುವ ಕ್ರಿಸ್ಟಲ್ ಬದಲಿಸಿ, ಕಾಯಿಲ್‌ಗಳನ್ನು ಒಂದಿಷ್ಟು ತಿರುಗಿಸಿ ಹೊಂದಿಸಿದರೆ ಪೊಲೀಸ್ ಕಾರಿನ ಸೆಟ್ ಹ್ಯಾಮ್ ಸೆಟ್ ಆಗುತ್ತಿತ್ತು. 1950ರ ದಶಕದಲ್ಲೇ ಲಾಸ್ ಏಂಜಲೀಸ್‌ನಲ್ಲಿ ಆರ್ಟ್ ಗೆಂಟ್ರಿ ಎಂಬ ಹ್ಯಾಮ್ ರಿಪೀಟರ್ ನಡೆಸಿದ್ದ. ಸರ್ಪ್ಲಸ್ ಎಫ್‌ಎಂ ಸೆಟ್‌ಗಳು ಕೈಗೆ ಬಂದ ಮೇಲೆ ಆ ಪ್ರಯೋಗ ಊರೂರಿಗೆ ಹಬ್ಬಿತು. 1972ರಲ್ಲಿ ಆಯೋಗವೇ ರಿಪೀಟರ್‌ಗಳಿಗೆಂದು ಪ್ರತ್ಯೇಕ ನಿಯಮ ಮಾಡಬೇಕಾಯಿತು.

2013ರ ಜನವರಿ 1ರಂದು ಇದೇ ಇನ್ನೊಮ್ಮೆ ನಡೆಯಿತು. ಅಮೆರಿಕದ ವಾಣಿಜ್ಯ ಮತ್ತು ಪೊಲೀಸ್ ಸೆಟ್‌ಗಳು 25 ಕಿಲೋಹರ್ಟ್ಜ್ ಚಾನೆಲ್ಲಿನಿಂದ 12.5 ಕಿಲೋಹರ್ಟ್ಜ್‌ಗೆ ಇಳಿಯಬೇಕೆಂಬ ಗಡುವು ಅಂದು ಜಾರಿಗೆ ಬಂತು. ಹ್ಯಾಮ್‌ಗಳಿಗೆ ಆ ನಿಯಮ ಅನ್ವಯಿಸಲಿಲ್ಲ. ಬೆಟ್ಟದ ಮೇಲೆ ದಶಕಗಟ್ಟಲೆ ಕೆಟ್ಟುನಿಲ್ಲದೆ ದುಡಿದ ಜನರಲ್ ಎಲೆಕ್ಟ್ರಿಕ್ ಕಂಪನಿಯ ‘ಮಾಸ್ಟರ್ ಟು’, ಮೊಟೊರೊಲಾ ಕಂಪನಿಯ ‘ಮೈಕಾರ್’ ಮುಂತಾದ ಸೆಟ್‌ಗಳಲ್ಲಿ ಅದುವರೆಗೆ ಉಳಿದಿದ್ದವೂ ಹೊರಬಿದ್ದವು. ಅವುಗಳಲ್ಲಿ ಬಹುಪಾಲು ಕೆಟ್ಟಿರಲಿಲ್ಲ, ಕಾನೂನಿಗೆ ಹಳೆಯವಾಗಿದ್ದವು ಅಷ್ಟೇ. ಕೆಟ್ಟದ್ದು ಬೇರೆ, ಹಳೆಯದಾದದ್ದು ಬೇರೆ ಎಂಬ ವಿವೇಕದ ಮೇಲೆಯೇ ಈ ಇಡೀ ಹವ್ಯಾಸ ನಿಂತಿದೆ.

ಹಳೆಯದೇ ಯಾಕೆ?

ಈಗ ನಾಲ್ಕೈದು ಸಾವಿರ ರೂಪಾಯಿಗೆ ಹೊಸ ವಾಕಿಟಾಕಿ ಸಿಗುತ್ತದೆ. ಅಂಥ ಎರಡನ್ನು ತಂದು ಒಂದರ ಸ್ಪೀಕರನ್ನು ಇನ್ನೊಂದರ ಮೈಕ್‌ಗೆ ಜೋಡಿಸಿದರೆ ರಿಪೀಟರ್ ಆಗದೇ ಎಂದು ಹೊಸಬರು ಕೇಳುತ್ತಾರೆ. ಮೇಜಿನ ಮೇಲೆ ಆಗುತ್ತದೆ. ಬೆಟ್ಟದ ಮೇಲೆ ಬಾಳುವುದಿಲ್ಲ. ಅದಕ್ಕೆ ಮೂರು ಕಾರಣಗಳಿವೆ.

ಒಂದು, ಲೋಹದ ಮೈ. ‘ಮಾಸ್ಟರ್ ಟು’ ಸೆಟ್ಟಿನ ಮುಚ್ಚಳ ತೆಗೆದರೆ ಎರಕದ ಅಲ್ಯೂಮಿನಿಯಂ ಚೌಕಟ್ಟು, ಅದರೊಳಗೆ ಪ್ರತಿ ಹಂತಕ್ಕೂ ಪ್ರತ್ಯೇಕ ಗೂಡು ಕಾಣುತ್ತದೆ. ರಿಸೀವರಿನ ಬಾಗಿಲಲ್ಲೇ ಹೆಲಿಕಲ್ ಫಿಲ್ಟರ್‌ಗಳು ಸಾಲಾಗಿ ನಿಂತಿರುತ್ತವೆ. ತನಗೆ ಬೇಕಾದ ಫ್ರೀಕ್ವೆನ್ಸಿಯ ಆಚೀಚಿನದನ್ನು ಅವು ಒಳಕ್ಕೆ ಬಿಡುವುದಿಲ್ಲ. ಒಂದೇ ಬೆಟ್ಟದಲ್ಲಿ ಎಫ್‌ಎಂ ಬಾನುಲಿ, ಮೊಬೈಲ್ ಕಂಪನಿ, ಪೊಲೀಸ್ ಇಲಾಖೆಗಳ ಟವರ್‌ಗಳು ಒತ್ತೊತ್ತಾಗಿ ನಿಂತಿರುವಾಗ ಈ ಕಟ್ಟುನಿಟ್ಟು ಬೇಕೇಬೇಕು. ಅಗ್ಗದ ವಾಕಿಟಾಕಿಯ ರಿಸೀವರ್ ಅಂಥ ಜಾಗದಲ್ಲಿ ಏನನ್ನೂ ಕೇಳಲಾರದೆ ಕಂಗೆಡುತ್ತದೆ.

ಎರಡು, ಕ್ರಿಸ್ಟಲ್. ಹಳೆಯ ಸೆಟ್‌ಗಳಲ್ಲಿ ಪ್ರತಿ ಫ್ರೀಕ್ವೆನ್ಸಿಗೂ ಒಂದೊಂದು ಕ್ರಿಸ್ಟಲ್ ಇರುತ್ತದೆ. ಅದರ ಕಂಪನವನ್ನು ಹಂತಹಂತವಾಗಿ ಹಲವು ಪಟ್ಟು ಏರಿಸಿ ಬೇಕಾದ ಫ್ರೀಕ್ವೆನ್ಸಿಗೆ ತಲುಪುತ್ತಾರೆ. ಹೀಗೆ ಹುಟ್ಟಿದ ಸಂಕೇತ ಬಹಳ ಶುದ್ಧ. ಅಗ್ಗದ ಹೊಸ ಸೆಟ್‌ಗಳ ಫ್ರೀಕ್ವೆನ್ಸಿ ಹುಟ್ಟಿಸುವ ಸಿಂತಸೈಜರಿನಲ್ಲಿ ಮುಖ್ಯ ಸಂಕೇತದ ಎರಡೂ ಮಗ್ಗುಲಿಗೆ ಸಣ್ಣ ಗದ್ದಲ ಹರಡಿರುತ್ತದೆ. ಆ ಗದ್ದಲ 600 ಕಿಲೋಹರ್ಟ್ಜ್ ಆಚೆ, ಅಂದರೆ ನಮ್ಮ ರಿಸೀವರ್ ಕೇಳುತ್ತಿರುವ ಜಾಗಕ್ಕೇ ಬಂದು ಬೀಳುತ್ತದೆ. ಆದರೆ ಬೇಕಾದ ಕ್ರಿಸ್ಟಲ್ ಮಾಡಿಸುವುದು ಈಗ ಕಷ್ಟ. ಅಮೆರಿಕದ ಹ್ಯಾಮ್‌ಗಳಿಗೆ ದಶಕಗಳ ಕಾಲ ಕ್ರಿಸ್ಟಲ್ ಕತ್ತರಿಸಿ ಕೊಟ್ಟ ಓಕ್ಲಹೋಮಾದ ಇಂಟರ್‌ನ್ಯಾಷನಲ್ ಕ್ರಿಸ್ಟಲ್ ಕಂಪನಿ 2017ರಲ್ಲಿ ಬಾಗಿಲು ಮುಚ್ಚಿತು. ಹಾಗಾಗಿ ಹಳೆಯ ಸೆಟ್ ಸಿಕ್ಕರೆ ಅದರ ಜೊತೆಗಿನ ಕ್ರಿಸ್ಟಲ್‌ಗಳನ್ನೂ ಜೋಪಾನವಾಗಿ ಎತ್ತಿಡಬೇಕು.

ಮೂರು, ದುಡಿಯುವ ತಾಳಿಕೆ. ಮಾತಿನ ನಡುವೆ ವಾಕಿಟಾಕಿ ತಣ್ಣಗಾಗುತ್ತದೆ. ರಿಪೀಟರ್‌ಗೆ ಆ ಬಿಡುವಿಲ್ಲ. ಇಬ್ಬರು ಮಾತಾಡುವಾಗ ಇಬ್ಬರ ಪಾಳಿಯಲ್ಲೂ ಅದೇ ಬಿತ್ತರಿಸಬೇಕು. ಬೇಸ್ ಸ್ಟೇಷನ್‌ಗೆಂದು ಮಾಡಿದ ಹಳೆಯ ಆಂಪ್ಲಿಫಯರ್‌ಗಳಿಗೆ ಭಾರಿ ಹೀಟ್‌ಸಿಂಕ್ ಇರುತ್ತದೆ. ಕಾರಿನ ಡಿಕ್ಕಿಯಲ್ಲಿ ಕೂರುವ ಮೊಬೈಲ್ ಸೆಟ್ಟನ್ನೇ ಬಳಸುವುದಾದರೆ ನೂರು ವ್ಯಾಟಿನದನ್ನು ಅರ್ಧಕ್ಕಿಂತ ಕೆಳಗಿಳಿಸಿ, ಫ್ಯಾನ್ ಕೂರಿಸಬೇಕು. ಈ ಸಂಯಮ ಇಲ್ಲದವರ ಟ್ರಾನ್ಸಿಸ್ಟರ್‌ಗಳು ಮೊದಲ ಬೇಸಿಗೆಗೇ ಸುಡುತ್ತವೆ.

ನಗಾರಿಯ ಪಕ್ಕದ ಪಿಸುಮಾತು

ಈಗ ನಿಜವಾದ ಸವಾಲಿಗೆ ಬರೋಣ. ಒಳ್ಳೆಯ ಎಫ್‌ಎಂ ರಿಸೀವರ್ 0.25 ಮೈಕ್ರೋವೋಲ್ಟ್‌ನಷ್ಟು ಕ್ಷೀಣ ಸಂಕೇತವನ್ನು ಅರ್ಥವಾಗುವಂತೆ ಕೇಳಿಸುತ್ತದೆ. ಪಕ್ಕದಲ್ಲೇ, ಅದೇ ಆಂಟೆನಾಗೆ, 50 ವ್ಯಾಟ್ ಟ್ರಾನ್ಸ್‌ಮಿಟರ್ ಕೂಗುತ್ತಿರುತ್ತದೆ. ಎರಡರ ಶಕ್ತಿಯನ್ನು ಹೋಲಿಸಿ ಲೆಕ್ಕ ಹಾಕಿದರೆ ಕೂಗು ಪಿಸುಮಾತಿಗಿಂತ ಸುಮಾರು 400 ಕೋಟಿ ಕೋಟಿ ಪಟ್ಟು ದೊಡ್ಡದು. ನಗಾರಿ ಬಾರಿಸುತ್ತಲೇ ಪಕ್ಕದ ಕೋಣೆಯ ಪಿಸುಮಾತು ಕೇಳಿಸಿಕೊಳ್ಳುವಂಥ ಈ ಕೆಲಸವನ್ನು ಸಾಧ್ಯ ಮಾಡುವ ಸಾಧನ ಡುಪ್ಲೆಕ್ಸರ್.

ಎರಡು ಮೀಟರ್ ಪಟ್ಟಿಯ ಡುಪ್ಲೆಕ್ಸರ್ ನೋಡಲು ಉದ್ದನೆಯ ಲೋಹದ ಡಬ್ಬಿಗಳ ಸಾಲು. ಸಾಮಾನ್ಯವಾಗಿ ಮೂರು ಟ್ರಾನ್ಸ್‌ಮಿಟರ್ ಕಡೆಗೆ, ಮೂರು ರಿಸೀವರ್ ಕಡೆಗೆ ಇರುತ್ತವೆ. ಈ ಡಬ್ಬಿಗಳಿಗೆ ಕ್ಯಾವಿಟಿ ಎನ್ನುತ್ತಾರೆ. ಒಳಗೆ ಅಲೆಯುದ್ದದ ಕಾಲು ಭಾಗದ, ಅಂದರೆ ಸುಮಾರು ಅರ್ಧ ಮೀಟರಿನ ಲೋಹದ ಕೊಳವೆ ನಿಂತಿರುತ್ತದೆ. ಮೇಲಿನಿಂದ ಇಳಿದ ಒಂದು ಸರಳನ್ನು ತಿರುಗಿಸಿದರೆ ಕೊಳವೆಯ ಉದ್ದ ಕೂದಲೆಳೆಯಷ್ಟು ಬದಲಾಗುತ್ತದೆ. ಟ್ರಾನ್ಸ್‌ಮಿಟರ್ ಕಡೆಯ ಡಬ್ಬಿಗಳು ತಮ್ಮ ಸಂಕೇತವನ್ನು ಆಂಟೆನಾಗೆ ಬಿಟ್ಟು, ರಿಸೀವರಿನ ಫ್ರೀಕ್ವೆನ್ಸಿಗೆ ಬೀಳುವ ಗದ್ದಲವನ್ನು ತಡೆಯಬೇಕು. ರಿಸೀವರ್ ಕಡೆಯವು ಬರುವ ಸಂಕೇತವನ್ನು ಬಿಟ್ಟುಕೊಂಡು, ಟ್ರಾನ್ಸ್‌ಮಿಟರಿನ ಕೂಗನ್ನು ತಡೆಯಬೇಕು.

ಡುಪ್ಲೆಕ್ಸರ್ ಟ್ಯೂನ್ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಲಾಕ್‌ನಟ್ ಸಡಿಲಿಸುತ್ತಾರೆ. ಸರಳನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದರೆ ಅಳೆಯುವ ಉಪಕರಣದ ಪರದೆಯ ಮೇಲಿನ ಗೆರೆಯಲ್ಲಿ ಹಳ್ಳವೊಂದು ಬಿದ್ದು ಮೆಲ್ಲಗೆ ಜರುಗುತ್ತದೆ. ಬೇಕಾದ ಜಾಗಕ್ಕೆ ಬಂದಾಗ ಉಸಿರು ಬಿಗಿಹಿಡಿದು ನಟ್ ಬಿಗಿಯಬೇಕು. ಬಿಗಿಯುವಾಗಲೇ ಹಳ್ಳ ಮತ್ತೆ ಸರಿಯುತ್ತದೆ. ಅದು ಎಷ್ಟು ಸರಿಯುತ್ತದೆಂದು ಅಂದಾಜು ಮಾಡಿ, ಅಷ್ಟೇ ಮುಂಚಿತವಾಗಿ ನಿಲ್ಲಿಸಿ ಬಿಗಿಯುವುದು ಪಳಗಿದ ಕೈಗೆ ಮಾತ್ರ ಗೊತ್ತು. ಒಂದು ಡಬ್ಬಿ ಮುಗಿದ ಮೇಲೆ ಮುಂದಿನದು; ಆರೂ ಮುಗಿದ ಮೇಲೆ ಎಲ್ಲವನ್ನೂ ಜೋಡಿಸಿ ಮತ್ತೊಮ್ಮೆ ಅಳತೆ. ಮೊದಲೆಲ್ಲ ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಉಪಕರಣ ಬೇಕಿತ್ತು. ಜಪಾನಿನ ಹವ್ಯಾಸಿಯೊಬ್ಬರು ರೂಪಿಸಿದ ‘ನ್ಯಾನೊ ವಿಎನ್‌ಎ’ ಎಂಬ ಅಂಗೈಯಗಲದ ಸಾಧನ ಈಗ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಬಹಳ ಆಳದ ಹಳ್ಳದ ತಳವನ್ನು ಅದು ತೋರಿಸಲಾರದು. ಆದರೂ ಒಂದೊಂದೇ ಡಬ್ಬಿಯನ್ನು ಹೊಂದಿಸುವುದಕ್ಕೆ ಧಾರಾಳವಾಗಿ ಸಾಕು.

ದೋಷ ಹುಡುಕುವ ಕ್ರಮ

ಕಟ್ಟಿದ ರಿಪೀಟರ್ ಕೆಡುತ್ತದೆ. ಕೆಟ್ಟಾಗ ಕಂಡಕಂಡ ಸ್ಕ್ರೂ ತಿರುಗಿಸುವುದು ದೊಡ್ಡ ಅಪಾಯ. ದುಡುಕು ಬಿಟ್ಟು ಕ್ರಮವಾಗಿ ಹೋದವರಿಗೆ ಮಾತ್ರ ದೋಷ ಸಿಗುತ್ತದೆ.

ತೀರ ಸಾಮಾನ್ಯವಾದ ದೂರು ಹೀಗಿರುತ್ತದೆ: ‘ಹತ್ತಿರದವರ ಮಾತು ಚೆನ್ನಾಗಿ ಕೇಳಿಸುತ್ತದೆ, ದೂರದವರ ಮಾತು ಮಾತ್ರ ಬಂದು ಬಂದು ಕಡಿದುಹೋಗುತ್ತದೆ.’ ದೂರದವನ ಕ್ಷೀಣ ಸಂಕೇತ ಬಂದಾಗ ರಿಸೀವರ್ ಎಚ್ಚೆತ್ತು ಟ್ರಾನ್ಸ್‌ಮಿಟರನ್ನು ಚಾಲೂ ಮಾಡುತ್ತದೆ. ಟ್ರಾನ್ಸ್‌ಮಿಟರ್ ಚಾಲೂ ಆದೊಡನೆ ಅದರ ಗದ್ದಲದಲ್ಲಿ ರಿಸೀವರ್ ಕಿವುಡಾಗಿ ಆ ಸಂಕೇತವನ್ನು ಕಳೆದುಕೊಳ್ಳುತ್ತದೆ. ಟ್ರಾನ್ಸ್‌ಮಿಟರ್ ನಿಲ್ಲುತ್ತದೆ, ಸಂಕೇತ ಮತ್ತೆ ಕೇಳಿಸುತ್ತದೆ, ಮತ್ತೆ ಚಾಲೂ ಆಗುತ್ತದೆ. ಈ ಕಾಯಿಲೆಯನ್ನು ಹ್ಯಾಮ್‌ಗಳು ‘ಡಿಸೆನ್ಸ್’ ಎನ್ನುತ್ತಾರೆ.

ಇದನ್ನು ಹಿಡಿಯಲು ಸಿಗ್ನಲ್ ಜನರೇಟರಿನಿಂದ ಕ್ಷೀಣ ಸಂಕೇತವೊಂದನ್ನು ರಿಸೀವರಿನ ದಾರಿಗೆ ಬಿಡುತ್ತಾರೆ. ಟ್ರಾನ್ಸ್‌ಮಿಟರ್ ಆಫ್ ಇರುವಾಗ ಎಷ್ಟು ಸಂಕೇತ ಬೇಕಾಯಿತೆಂದು ಬರೆದುಕೊಂಡು, ಆನ್ ಮಾಡಿ ಮತ್ತೆ ಅಳೆಯುತ್ತಾರೆ. ವ್ಯತ್ಯಾಸವಿದ್ದರೆ ರೋಗ ಇದೆ. ನಂತರ ಆಂಟೆನಾ ಕೇಬಲ್ ಬಿಚ್ಚಿ, ಡುಪ್ಲೆಕ್ಸರಿಗೆ ಆಂಟೆನಾದ ಬದಲು ಶಕ್ತಿಯನ್ನು ಹೀರಿಕೊಳ್ಳುವ ಡಮ್ಮಿ ಲೋಡ್ ಹಾಕಿ ಪುನಃ ಅದೇ ಪರೀಕ್ಷೆ. ಈಗ ವ್ಯತ್ಯಾಸ ಮಾಯವಾದರೆ ಪೆಟ್ಟಿಗೆ ಸರಿಯಿದೆ. ದೋಷ ಕೇಬಲ್, ಆಂಟೆನಾ ಅಥವಾ ಟವರಿನಲ್ಲಿದೆ. ಹಾಗೇ ಉಳಿದರೆ ದೋಷ ಒಳಗಿದೆ. ಈ ಒಂದೇ ಹೆಜ್ಜೆಯಿಂದ ಅರ್ಧ ಕೆಲಸ ಮುಗಿಯುತ್ತದೆ.

ದೋಷ ಒಳಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಜೋಡಣೆಯ ಕೇಬಲ್‌ಗಳನ್ನು. ಒಂಟಿ ಹೆಣಿಗೆಯ ಕೇಬಲ್ ಒಳಗಿನ ಸಂಕೇತವನ್ನು ಹೊರಕ್ಕೆ ಸೋರಿಸುತ್ತದೆ. ಬೆಳ್ಳಿ ಲೇಪದ ಜೋಡಿ ಹೆಣಿಗೆಯ ಆರ್‌ಜಿ-214 ಕೇಬಲ್ಲೇ ಇಲ್ಲಿ ಬೇಕು. ಹ್ಯಾಮ್‌ಗಳು ಬಹಳ ಮೆಚ್ಚುವ ಎಲ್‌ಎಂಆರ್-400 ಕೇಬಲ್ ಬೇರೆ ಕಡೆ ಒಳ್ಳೆಯದೇ. ಆದರೆ ಅದರೊಳಗೆ ಅಲ್ಯೂಮಿನಿಯಂ ಹಾಳೆ ಮತ್ತು ತವರ ಬಳಿದ ತಾಮ್ರದ ಹೆಣಿಗೆ ಒಂದಕ್ಕೊಂದು ಉಜ್ಜುತ್ತವೆ. ಒಂದೇ ಕೇಬಲ್ಲಿನಲ್ಲಿ ಕಳಿಸುವುದು, ಕೇಳುವುದು ಎರಡೂ ನಡೆಯುವಾಗ ಆ ಸಂಪರ್ಕವೇ ಗದ್ದಲ ಹುಟ್ಟಿಸುತ್ತದೆ. ಅನುಭವಿಗಳು ರಿಪೀಟರ್‌ಗೆ ಅದನ್ನು ಬಳಸುವುದಿಲ್ಲ.

ದೋಷ ಹೊರಗಿದ್ದರೆ ಟವರಿನ ಬುಡದಲ್ಲಿ ನಿಂತು ಗಾಳಿಗೆ ಕಾಯಬೇಕು. ಗಾಳಿ ಬೀಸಿದಾಗ ಮಾತ್ರ ಕರಕರ ಸದ್ದು ಬಂದರೆ ಎಲ್ಲೋ ತುಕ್ಕು ಹಿಡಿದ ಲೋಹ ಇನ್ನೊಂದು ಲೋಹಕ್ಕೆ ತಾಗುತ್ತಿದೆ ಎಂದರ್ಥ. ತುಕ್ಕಿನ ಪದರ ಡಯೋಡಿನಂತೆ ವರ್ತಿಸಿ, ಟ್ರಾನ್ಸ್‌ಮಿಟರಿನ ಶಕ್ತಿಯನ್ನು ಹಿಡಿದು ಎಲ್ಲ ಫ್ರೀಕ್ವೆನ್ಸಿಗಳಿಗೂ ಚೆಲ್ಲುತ್ತದೆ. ಒಬ್ಬರು ಕಿವಿಗೆ ಹೆಡ್‌ಫೋನ್ ಹಾಕಿ ಕೂರುತ್ತಾರೆ. ಇನ್ನೊಬ್ಬರು ಗೈ ವೈರ್, ಕ್ಲ್ಯಾಂಪು, ಏಣಿಯ ಬೋಲ್ಟುಗಳನ್ನು ಒಂದೊಂದಾಗಿ ಅಲುಗಾಡಿಸುತ್ತ ಹೋಗುತ್ತಾರೆ. ‘ಅದೇ, ಅದೇ, ಇನ್ನೊಮ್ಮೆ ಅಲ್ಲಾಡ್ಸು’ ಎಂಬ ಕೂಗು ಬಂದಾಗ ಕೈಯಲ್ಲಿರುವುದು ಹತ್ತು ರೂಪಾಯಿಯ ತುಕ್ಕು ಬೋಲ್ಟು ಇರಬಹುದು. ತುಕ್ಕು ಉಜ್ಜಿ, ಬಿಗಿದು, ಬಣ್ಣ ಬಳಿದರೆ ದೂರದವರ ಮಾತು ಮತ್ತೆ ತಿಳಿಯಾಗುತ್ತದೆ. ಮಲೆನಾಡಿನಂಥ ಮಳೆಯ ಸೀಮೆಯಲ್ಲಿ ಕನೆಕ್ಟರಿನೊಳಗೆ ನೀರು ಇಳಿಯುವುದೂ ಅಷ್ಟೇ ಸಾಮಾನ್ಯ. ಕೇಬಲ್ ಕೋಣೆಯೊಳಕ್ಕೆ ಬರುವ ಮೊದಲು ಒಂದು ಬಾಗು ಕೊಟ್ಟು ನೀರು ಅಲ್ಲೇ ತೊಟ್ಟಿಕ್ಕುವಂತೆ ಮಾಡುವುದನ್ನು ಮರೆಯಬಾರದು.

ಧ್ವನಿ ಕೀರಲಾಗಿದ್ದರೆ ದೋಷ ಬೇರೆ ಕಡೆ ಇದೆ. ಎಫ್‌ಎಂ ಟ್ರಾನ್ಸ್‌ಮಿಟರ್ ತಾರಕದ ಧ್ವನಿಯನ್ನು ಎತ್ತಿ ಕಳಿಸುತ್ತದೆ, ರಿಸೀವರ್ ಅದನ್ನು ಇಳಿಸಿ ಕೇಳಿಸುತ್ತದೆ. ಇಳಿಸುವ ಹಂತಕ್ಕೆ ಮೊದಲೇ ಧ್ವನಿ ತೆಗೆದು ಮೈಕ್‌ನ ದಾರಿಗೆ ಕೊಟ್ಟರೆ ಎರಡು ಬಾರಿ ಎತ್ತಿದಂತಾಗುತ್ತದೆ. ಸೆಟ್‌ಗೆ ದಶಕಗಳ ವಯಸ್ಸಾಗಿದ್ದರೆ ಒಣಗಿದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳನ್ನು ಮೊದಲೇ ಬದಲಿಸಿಬಿಡುವುದು ಜಾಣತನ.

ಇವೆಲ್ಲಕ್ಕಿಂತ ಬೆಲೆಬಾಳುವ ಉಪಕರಣ ಒಂದು ನೋಟ್‌ಬುಕ್. ಎಲ್ಲವೂ ಸರಿಯಿದ್ದ ದಿನ ಔಟ್‌ಪುಟ್ ಎಷ್ಟು ವ್ಯಾಟ್ ಇತ್ತು, ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತಿತ್ತು, ರಿಸೀವರಿಗೆ ಎಷ್ಟು ಸಂಕೇತ ಸಾಕಿತ್ತು ಎಂದು ಬರೆದಿಟ್ಟಿರಬೇಕು. ಆ ಅಂಕಿಗಳಿಲ್ಲದೆ ಬೆಟ್ಟ ಹತ್ತಿದವನಿಗೆ ಏನು ಬದಲಾಗಿದೆ ಎಂಬುದೇ ತಿಳಿಯದು.

ನಮ್ಮ ನೆಲದ ನಂಟು

ಹವ್ಯಾಸಿಗಳ ರಿಪೀಟರ್ ಕನಸನ್ನು ಬೆಂಗಳೂರು ಆಕಾಶಕ್ಕೇ ಏರಿಸಿದೆ. 2005ರ ಮೇ 5ರಂದು ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಕಾರ್ಟೊಸ್ಯಾಟ್-1ರ ಜೊತೆ ಹೋದ ‘ಹ್ಯಾಮ್‌ಸ್ಯಾಟ್’ ಇಸ್ರೊ ನಿರ್ಮಿಸಿದ 42.5 ಕಿಲೋ ತೂಕದ ಪುಟ್ಟ ಉಪಗ್ರಹ. ನೆಲದಿಂದ 435 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಬಂದ ಮಾತನ್ನು 145ರ ಆಸುಪಾಸಿನಲ್ಲಿ ಮರಳಿ ಕಳಿಸುವ ಎರಡು ಟ್ರಾನ್ಸ್‌ಪಾಂಡರ್‌ಗಳು ಅದರಲ್ಲಿದ್ದವು. ಒಂದನ್ನು ಭಾರತೀಯ ಹ್ಯಾಮ್‌ಗಳು, ಇನ್ನೊಂದನ್ನು ನೆದರ್ಲೆಂಡ್ಸ್‌ನ ಒಬ್ಬ ಹ್ಯಾಮ್ ವಿದ್ಯಾರ್ಥಿ ರೂಪಿಸಿದ್ದರು. 2014ರವರೆಗೆ ಅದು ಜಗತ್ತಿನ ಹ್ಯಾಮ್‌ಗಳ ಮಾತನ್ನು ಹೊತ್ತಿತು.

ಇಂಥ ಊರಿನಲ್ಲಿ ಬಿಡಿಭಾಗಗಳಿಗೆ, ಕೌಶಲಕ್ಕೆ ಬರವಿಲ್ಲ. ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಕನೆಕ್ಟರಿನಿಂದ ಹೀಟ್‌ಸಿಂಕ್‌ವರೆಗೆ ಬೇಕಾದ್ದೆಲ್ಲ ಸಿಗುತ್ತದೆ. ಮೂರು ನಿಮಿಷ ಮೀರಿ ಮಾತಾಡಿದರೆ ನಿಲ್ಲಿಸುವ, ಮೋರ್ಸ್ ಸಂಕೇತದಲ್ಲಿ ತನ್ನ ಗುರುತು ಹೇಳುವ, ನಿಗದಿತ ಟೋನ್ ಬಂದರಷ್ಟೇ ಬಾಗಿಲು ತೆರೆಯುವ ಕಂಟ್ರೋಲರನ್ನು ಕಾಲೇಜು ಹುಡುಗರು ಆರ್ಡಿನೊ ಬೋರ್ಡಿನಲ್ಲಿ ಬರೆದುಕೊಡಬಲ್ಲರು. ಕೊರತೆಯಿರುವುದು ಗಟ್ಟಿಮುಟ್ಟಾದ ಹಳೆಯ ಸೆಟ್‌ಗಳು, ಕ್ಯಾವಿಟಿಗಳು ಮತ್ತು ಬೆಟ್ಟದ ಮೇಲೆ ಒಂದಿಷ್ಟು ಜಾಗ. ಈ ಮೂರೂ ಇರುವುದು ಸರ್ಕಾರದ ಇಲಾಖೆಗಳ ಬಳಿ.

ಇಲಾಖೆಗಳು ಡಿಜಿಟಲ್ ಸೆಟ್‌ಗಳಿಗೆ ಬದಲಾಗುವಾಗ ಹಳೆಯ ವಿಎಚ್‌ಎಫ್ ಸೆಟ್‌ಗಳನ್ನು ಕೆಜಿ ಲೆಕ್ಕದಲ್ಲಿ ತೂಗಿ ಪುಡಿಮಾಡುವವರಿಗೆ ಕೊಡಬಾರದು. ಲೈಸೆನ್ಸ್ ಇರುವ ಹ್ಯಾಮ್ ಕ್ಲಬ್‌ಗಳಿಗೆ ದಾಖಲೆ ಸಮೇತ ಹಸ್ತಾಂತರಿಸುವ ಒಂದು ನಿಯಮ ಬೇಕು. ರಿಪೀಟರ್ ನಡೆಸಲು ಹೇಗೂ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿ ಬೇಕೇಬೇಕು, ಆದ್ದರಿಂದ ದುರ್ಬಳಕೆಯ ಭಯಕ್ಕೆ ದೊಡ್ಡ ಕಾರಣವಿಲ್ಲ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಜಿಲ್ಲಾಡಳಿತಗಳು ತಮ್ಮ ಬೆಟ್ಟದ ಟವರ್ ಕೋಣೆಯಲ್ಲಿ ಒಂದು ರ‍್ಯಾಕಿನಷ್ಟು ಜಾಗ, ಒಂದು ಬ್ಯಾಟರಿಯಷ್ಟು ಕರೆಂಟು ಕೊಟ್ಟರೆ ಸಾಕು. ಮಿಕ್ಕಿದ್ದನ್ನು ಹವ್ಯಾಸಿಗಳು ನೋಡಿಕೊಳ್ಳುತ್ತಾರೆ. ಗುಡ್ಡ ಕುಸಿದ ಮೇಲೆ ರಿಪೀಟರ್ ಕಟ್ಟಲು ಆಗುವುದಿಲ್ಲ. ಅದನ್ನು ಬೇಸಿಗೆಯಲ್ಲೇ ಕಟ್ಟಿ, ಪರೀಕ್ಷಿಸಿ, ಮಳೆಗೆ ಸಿದ್ಧವಾಗಿಡಬೇಕು.

ಓದುಗರಲ್ಲೂ ಒಂದು ಮನವಿ. ಹ್ಯಾಮ್ ಆಗಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ಅದಕ್ಕೆ ತರಬೇತಿ ಕೊಡುತ್ತವೆ. ಬೆಸುಗೆ ಹಾಕುವ ಆಸಕ್ತಿಯಿರುವ ಮಗ ಅಥವಾ ಮಗಳು ನಿಮ್ಮ ಮನೆಯಲ್ಲಿದ್ದರೆ ಈ ದಾರಿ ತೋರಿಸಿ. ರಿಪೀಟರ್ ಕಟ್ಟುವ ಕೌಶಲ ಹಿರಿಯರ ಪಕ್ಕ ನಿಂತು ಕಲಿಯುವಂಥದ್ದು, ಮತ್ತು ಕಲಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.